ಪವರ್ ಸ್ಟೀರಿಂಗ್ ದೋಷ ಮತ್ತು ವಾಹನ ಹಿಂಪಡೆತ

ತಯಾರಿಕೆಯ ಹಂತದಲ್ಲೇ ಸೇರಿಕೊಂಡ ದೋಷದಿಂದ ಚಾಲಕನಿಗೋ ಪ್ರಯಾಣಿಕರಿಗೋ ರಸ್ತೆಯಲ್ಲಿರುವ ಬೇರೆಯವರಿಗೋ ಅಪಾಯವಾಗಬಹುದೆಂದು ತಿಳಿದಾಗ, ಮಾರಾಟವಾಗಿ ಹೋದ ವಾಹನಗಳನ್ನೂ ತಯಾರಕ ಕಂಪನಿ ವಾಪಸ್ ಕರೆಸಿಕೊಂಡು ತನ್ನ ಖರ್ಚಿನಲ್ಲಿ ಸರಿಪಡಿಸಿಕೊಡುವ ವ್ಯವಸ್ಥೆಯೇ ವಾಹನ ಹಿಂಪಡೆತ. ಪತ್ರಿಕೆಗಳಲ್ಲೂ ಗ್ಯಾರೇಜುಗಳಲ್ಲೂ ರೀಕಾಲ್ ಎಂದೇ ಇದು ಬಳಕೆಯಲ್ಲಿದೆ. ಏರ್‌ಬ್ಯಾಗ್, ಬ್ರೇಕ್, ಇಂಧನ ಪಂಪು, ಸ್ಟೀರಿಂಗ್ ಇವು ಹಿಂಪಡೆತಕ್ಕೆ ಮತ್ತೆ ಮತ್ತೆ ಕಾರಣವಾಗುವ ಭಾಗಗಳು. ಇವುಗಳಲ್ಲಿ ಸ್ಟೀರಿಂಗ್ ದೋಷದ ಸ್ವಭಾವ ಬೇರೆ. ಏರ್‌ಬ್ಯಾಗ್ ಕೆಟ್ಟಿದ್ದರೆ ಅಪಘಾತ ಆಗುವ ತನಕ ಗೊತ್ತಾಗದೇ ಹೋಗಬಹುದು. ಸ್ಟೀರಿಂಗ್ ಕೈಕೊಟ್ಟದ್ದು ತಿರುಗಿಸಿದ ಕ್ಷಣದಲ್ಲೇ ಚಾಲಕನ ಅಂಗೈಗೆ ಗೊತ್ತಾಗುತ್ತದೆ, ಆದರೆ ಅಷ್ಟರಲ್ಲಿ ಗಾಡಿ ತಿರುವಿನ ನಡುವೆ ಇರುತ್ತದೆ.

ಭಾರತದಲ್ಲಿ ಸ್ಟೀರಿಂಗ್‌ಗೆ ಸಂಬಂಧಿಸಿದ ಹಿಂಪಡೆತಗಳು 2012ರಿಂದ ಈಚೆಗೆ ಹಲವು ಸಲ ನಡೆದಿವೆ. ಫೋರ್ಡ್, ಮಾರುತಿ ಸುಜುಕಿ, ಹೋಂಡಾ ಕಂಪನಿಗಳ ಲಕ್ಷಾಂತರ ಕಾರುಗಳು ಇದರ ವ್ಯಾಪ್ತಿಗೆ ಬಂದಿವೆ. ಹಿಂಪಡೆತವನ್ನು ಕಾನೂನಿನ ಮೂಲಕ ಕಡ್ಡಾಯ ಮಾಡಿದ್ದು ಮಾತ್ರ 2021ರ ಏಪ್ರಿಲ್ 1ರಿಂದ.

ಬಿಡದಿಯಿಂದ ನಿಡಘಟ್ಟದವರೆಗೆ

ಕರ್ನಾಟಕದ ಓದುಗರು ಈ ವಿಷಯವನ್ನು ಕಣ್ಣಾರೆ ಕಂಡು ತಿಳಿಯಬೇಕಾದರೆ ಬೆಂಗಳೂರು–ಮೈಸೂರು ದಾರಿಗಿಂತ ಒಳ್ಳೆಯ ಜಾಗವಿಲ್ಲ. ರಾಷ್ಟ್ರೀಯ ಹೆದ್ದಾರಿ 275ರ ಈ ಭಾಗದಲ್ಲಿ ಕಾರು ತಯಾರಾಗುತ್ತದೆ, ಓಡುತ್ತದೆ, ಹಳತಾಗಿ ಕೈ ಬದಲಾಯಿಸುತ್ತದೆ. ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಕಾರ್ಖಾನೆಯಿದೆ. 1997ರಲ್ಲಿ ಸ್ಥಾಪನೆಯಾದ ಈ ಕಂಪನಿ 1999ರ ಡಿಸೆಂಬರ್‌ನಲ್ಲಿ ಕ್ವಾಲಿಸ್ ತಯಾರಿಕೆಯಿಂದ ಕೆಲಸ ಆರಂಭಿಸಿತು. ದಾರಿಯ ಇನ್ನೊಂದು ತುದಿಯಾದ ಮೈಸೂರಿನಲ್ಲಿ ಸ್ಟೀರಿಂಗ್ ಭಾಗಗಳನ್ನು ತಯಾರಿಸುವ ರಾಣೆ ಸಮೂಹದ ಘಟಕವಿದೆ.

ಇವೆರಡರ ನಡುವೆ, ಚನ್ನಪಟ್ಟಣ ದಾಟಿ ಮಂಡ್ಯ ಜಿಲ್ಲೆ ಶುರುವಾಗುವ ಕಡೆ ಮದ್ದೂರು ತಾಲ್ಲೂಕಿನ ನಿಡಘಟ್ಟವಿದೆ. ಹತ್ತು ಪಥಗಳ ಹೆದ್ದಾರಿ ಕಾಮಗಾರಿಯನ್ನು ಎರಡು ಪಾಲು ಮಾಡಿದಾಗ ಗಡಿಯಾಗಿ ನಿಂತದ್ದು ಇದೇ ಊರು. ಬೆಂಗಳೂರಿನಿಂದ ನಿಡಘಟ್ಟಕ್ಕೆ 56 ಕಿ.ಮೀ., ನಿಡಘಟ್ಟದಿಂದ ಮೈಸೂರಿಗೆ 61 ಕಿ.ಮೀ. ಇದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ 2023ರ ಮಾರ್ಚ್ 12ರಂದು ಪ್ರಧಾನಿ ಹೆದ್ದಾರಿಯನ್ನು ಉದ್ಘಾಟಿಸಿದರು. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ರಸ್ತೆಯ ಪ್ರವೇಶ ನಿಷೇಧವಾಯಿತು.

ಹೀಗಾಗಿ ನಿಡಘಟ್ಟದಲ್ಲಿ ಈಗ ಎರಡು ಬಗೆಯ ರಸ್ತೆ ಪಕ್ಕಪಕ್ಕದಲ್ಲೇ ಇವೆ. ನಡುವಿನ ಆರು ಪಥಗಳಲ್ಲಿ ಕಾರುಗಳು ಗಂಟೆಗೆ 100 ಕಿ.ಮೀ. ವೇಗದಲ್ಲಿ ನೇರ ಸಾಗುತ್ತವೆ. ಬೇಲಿಯ ಆಚೆಯ ಸರ್ವಿಸ್ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್, ಮದ್ದೂರಿನ ಎಳನೀರು ಮಾರುಕಟ್ಟೆಗೆ ಹೊರಟ ಗೂಡ್ಸ್ ಗಾಡಿ, ಸ್ಕೂಟರ್, ಸೈಕಲ್ಲು, ನಡೆದು ಹೋಗುವ ಮಕ್ಕಳು. ಪವರ್ ಸ್ಟೀರಿಂಗ್ ಕೈಕೊಟ್ಟಾಗ ಈ ಎರಡು ರಸ್ತೆಗಳಲ್ಲಿ ಆಗುವುದು ಒಂದೇ ಅಲ್ಲ.

ವೇಗವಾಗಿ ಸಾಗುವ ಕಾರಿನ ಮುಂಚಕ್ರ ತಿರುಗಿಸಲು ಬೇಕಾದ ಬಲ ಕಡಿಮೆ. ಮುಖ್ಯ ರಸ್ತೆಯ ನೇರ ಓಟದಲ್ಲಿ ಸಹಾಯಕ ಬಲ ನಿಂತುಹೋದರೆ ಚಾಲಕನಿಗೆ ಅದು ತಕ್ಷಣ ತಿಳಿಯದೆಯೂ ಇರಬಹುದು. ಕಾರು ಮುಖ್ಯ ರಸ್ತೆ ಬಿಟ್ಟು, ವೇಗ ಇಳಿಸಿ, ಸರ್ವಿಸ್ ರಸ್ತೆಗೆ ಬಂದು ಅಂಡರ್‌ಪಾಸ್ ಕಡೆ ಹೊರಳುವಾಗ ಸ್ಟೀರಿಂಗ್ ಕಲ್ಲಿನಂತೆ ಬಿಗಿಯುತ್ತದೆ. ಅರ್ಧ ತಿರುವಿನಲ್ಲಿ ಕಾರು ಅಗಲವಾಗಿ ಎದುರಿನ ಬದಿಗೆ ಹೋಗುತ್ತದೆ. ಅಲ್ಲಿರುವವರು ಬಂಪರಾಗಲಿ ಏರ್‌ಬ್ಯಾಗಾಗಲಿ ಇಲ್ಲದ ಜನ. ಸ್ಟೀರಿಂಗ್ ದೋಷದ ಚರ್ಚೆಯೆಲ್ಲ ಕಾರಿನೊಳಗಿನವರ ಸುರಕ್ಷತೆಯ ಸುತ್ತಲೇ ನಡೆಯುತ್ತದೆ. ಹಳ್ಳಿ ಸೀಳಿಕೊಂಡು ಹೋಗುವ ಹೆದ್ದಾರಿಗಳ ನಾಡಿನಲ್ಲಿ ಹೊರಗಿನವರ ಲೆಕ್ಕ ಮೊದಲು ಬರಬೇಕು.

ಕೆಲಸ ಮಾಡುವ ಬಗೆ

ಪವರ್ ಸ್ಟೀರಿಂಗ್ ಚಕ್ರಗಳನ್ನು ತಾನೇ ತಿರುಗಿಸುವುದಿಲ್ಲ; ಚಾಲಕ ತಿರುಗಿಸುವಾಗ ಅವನ ಬಲಕ್ಕೆ ಬಲ ಸೇರಿಸುತ್ತದೆ. ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1920ರ ದಶಕದಲ್ಲಿ ಎಣ್ಣೆಯ ಒತ್ತಡದಿಂದ ನಡೆಯುವ ವ್ಯವಸ್ಥೆ ರೂಪಿಸಿ 1926ರಲ್ಲಿ ಪಿಯರ್ಸ್ ಆ್ಯರೊ ಕಾರಿನಲ್ಲಿ ತೋರಿಸಿದರು. ಮಾರಾಟದ ಕಾರಿಗೆ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಮೂಲಕ. ವಿದ್ಯುತ್ ಮೋಟಾರಿನ ಸ್ಟೀರಿಂಗನ್ನು ಮೊದಲು ಬಳಸಿದ್ದು 1988ರ ಸುಜುಕಿ ಸರ್ವೊ ಎಂಬ ಪುಟ್ಟ ಕಾರು.

ಎಣ್ಣೆಯ ವ್ಯವಸ್ಥೆಯಲ್ಲಿ ಎಂಜಿನ್ನಿನ ಬೆಲ್ಟು ಒಂದು ಪಂಪನ್ನು ತಿರುಗಿಸುತ್ತದೆ. ಪಂಪಿನಿಂದ ಹೊರಟ ಎಣ್ಣೆ ಹೋಸ್ ಮೂಲಕ ಸ್ಟೀರಿಂಗ್ ರ್‍ಯಾಕಿಗೆ ಹೋಗಿ ಅದನ್ನು ಎಡಕ್ಕೋ ಬಲಕ್ಕೋ ದೂಡುತ್ತದೆ. ಕಾರಿನ ಟೈರಿನೊಳಗೆ ಇರುವ ಗಾಳಿಯ ಒತ್ತಡ 2ರಿಂದ 2.5 ಬಾರ್. ಈ ಹೋಸಿನೊಳಗಿನ ಒತ್ತಡ, ಸ್ಟೀರಿಂಗ್ ಪೂರ್ತಿ ತಿರುಗಿಸಿ ಹಿಡಿದಾಗ, 100 ಬಾರ್‌ವರೆಗೂ ಏರಬಲ್ಲದು. ಬಿಸಿ ಎಂಜಿನ್ನಿನ ಸಂದಿಯಲ್ಲಿ ಹಾದುಹೋಗುವ ಹೆಬ್ಬೆರಳು ದಪ್ಪದ ರಬ್ಬರ್ ಹೋಸು ವರ್ಷಗಟ್ಟಲೆ ಇಷ್ಟು ಒತ್ತಡ ತಡೆಯಬೇಕು. ಪಕ್ಕದ ಕಬ್ಬಿಣದ ಬ್ರ್ಯಾಕೆಟ್ಟಿಗೆ ಉಜ್ಜುತ್ತಿದ್ದರೆ, ಕ್ರಿಂಪ್ ಮಾಡಿದ ಕೊನೆ ಸಡಿಲವಾಗಿದ್ದರೆ ಎಣ್ಣೆ ಜಿನುಗುತ್ತದೆ. ಎಣ್ಣೆ ಕಡಿಮೆಯಾದಾಗ ಪಂಪು ಗುಂಯ್‌ಗುಟ್ಟುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ. ಜಿನುಗಿದ ಎಣ್ಣೆ ಕಾದ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದರೆ ಹೊಗೆ, ಒಮ್ಮೊಮ್ಮೆ ಬೆಂಕಿ.

ಈಗಿನ ಕಾರುಗಳಲ್ಲಿ ಹೆಚ್ಚಾಗಿ ಇರುವುದು ವಿದ್ಯುತ್ ಪವರ್ ಸ್ಟೀರಿಂಗ್, ಅಂದರೆ ಇಪಿಎಸ್. ಸ್ಟೀರಿಂಗ್ ಕಂಬದೊಳಗೆ ಒಂದು ಸಣ್ಣ ಉಕ್ಕಿನ ಸರಳಿದೆ. ಚಾಲಕ ತಿರುಗಿಸಿದಾಗ ಅದು ಕೆಲವೇ ಡಿಗ್ರಿ ಹುರಿಗೊಳ್ಳುತ್ತದೆ. ಆ ಹುರಿಯನ್ನು ಟಾರ್ಕ್ ಸೆನ್ಸರ್ ಅಳೆದು ಕಂಪ್ಯೂಟರ್ ಘಟಕಕ್ಕೆ ತಿಳಿಸುತ್ತದೆ, ಘಟಕ ಕಾರಿನ ವೇಗ ನೋಡಿ ಮೋಟಾರಿಗೆ ಎಷ್ಟು ವಿದ್ಯುತ್ ಕೊಡಬೇಕೆಂದು ತೀರ್ಮಾನಿಸುತ್ತದೆ. ಪಾರ್ಕಿಂಗ್ ವೇಗದಲ್ಲಿ ಹೆಚ್ಚು ಸಹಾಯ, ಹೆದ್ದಾರಿಯಲ್ಲಿ ಕಡಿಮೆ. ಎಣ್ಣೆ, ಬೆಲ್ಟು, ಹೋಸು ಯಾವುದೂ ಬೇಡ. ಅವುಗಳ ಬದಲು ಸೆನ್ಸರ್, ವೈರಿನ ಜೋಡಣೆ, ಸರ್ಕ್ಯೂಟ್ ಹಲಗೆ, ಮೋಟಾರಿನ ವರ್ಮ್ ಗೇರು ಇವು ಕೆಡಬಲ್ಲ ಭಾಗಗಳಾದವು.

ಅನುಮಾನ ಬಂದ ಕೂಡಲೇ ಕಂಪ್ಯೂಟರ್ ಸಹಾಯವನ್ನು ನಿಲ್ಲಿಸಿ, ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಂಗ್ ಚಿತ್ರದ ಪಕ್ಕ ಉದ್ಗಾರ ಚಿಹ್ನೆ ಇರುವ ದೀಪ ಹಚ್ಚುತ್ತದೆ. ತಪ್ಪು ದಿಕ್ಕಿಗೆ ದೂಡುವುದಕ್ಕಿಂತ ಸುಮ್ಮನಿರುವುದು ಮೇಲು ಎಂಬುದು ವಿನ್ಯಾಸದ ಹಿಂದಿನ ತತ್ವ. ಸ್ಟೀರಿಂಗ್ ಮತ್ತು ಚಕ್ರಗಳ ನಡುವಿನ ಲೋಹದ ಸಂಪರ್ಕ ಹಾಗೇ ಇರುವುದರಿಂದ ಬಲ ಹಾಕಿದರೆ ಕಾರು ತಿರುಗುತ್ತದೆ. ಎಷ್ಟು ಬಲ? ವಿಶ್ವಸಂಸ್ಥೆಯ 79ನೇ ವಾಹನ ನಿಯಮದ ಪ್ರಕಾರ ಗಂಟೆಗೆ 10 ಕಿ.ಮೀ. ವೇಗದ ಪರೀಕ್ಷೆಯಲ್ಲಿ ಸುಸ್ಥಿತಿಯ ಕಾರಿಗೆ 150 ನ್ಯೂಟನ್ ಮಿತಿ, ಸಹಾಯ ನಿಂತ ಕಾರಿಗೆ 300 ನ್ಯೂಟನ್. 300 ನ್ಯೂಟನ್ ಅಂದರೆ ಸುಮಾರು 30 ಕಿಲೋ ತೂಕಕ್ಕೆ ಸಮನಾದ ಬಲ. ದೇಹದಾರ್ಢ್ಯ ಇರುವವರಿಗೆ ಇದು ದೊಡ್ಡದಲ್ಲ. ವಯಸ್ಸಾದವರಿಗೆ, ಭುಜದ ನೋವಿರುವವರಿಗೆ, ಒಂದು ಕೈಯಲ್ಲಿ ಗೇರು ಹಿಡಿದಿರುವವರಿಗೆ, ಅದೂ ಮುನ್ಸೂಚನೆಯಿಲ್ಲದೆ ಬಂದರೆ, ಬಹಳ ದೊಡ್ಡದು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಓಡಿಸಿದ ಹಿರಿಯರು ನಾವು ಪವರ್ ಸ್ಟೀರಿಂಗ್ ಇಲ್ಲದೆಯೇ ಬದುಕಿಲ್ಲವೇ ಎನ್ನುವುದುಂಟು. ಆ ಕಾರುಗಳ ಸ್ಟೀರಿಂಗ್ ದೊಡ್ಡದು, ಟೈರು ಕಿರಿದು, ಗೇರಿನ ಅನುಪಾತವೂ ಕೈಬಲಕ್ಕೆ ಹೊಂದುವಂಥದು. ಈಗಿನ ಕಾರು ಸಹಾಯವನ್ನು ನಂಬಿಕೊಂಡೇ ವಿನ್ಯಾಸಗೊಂಡಿದೆ.

ದೋಷಗಳ ಬಗೆ

ಸುದ್ದಿಯಲ್ಲಿ ಎಲ್ಲವೂ ಸ್ಟೀರಿಂಗ್ ದೋಷ ಎಂದೇ ಬಂದರೂ ಅಪಾಯದ ತೂಕ ಬೇರೆ ಬೇರೆ. ಸಹಾಯ ನಿಂತು ಸ್ಟೀರಿಂಗ್ ಭಾರವಾಗುವುದು ಒಂದು ಬಗೆ. ಕಾರು ಆಗಲೂ ಚಾಲಕನ ಹಿಡಿತದಲ್ಲೇ ಇರುತ್ತದೆ. ಸ್ಟೀರಿಂಗ್ ಮಧ್ಯದಲ್ಲಿ ಅಂಟಿಕೊಂಡಂತಾಗಿ, ಬಿಡಿಸಲು ಹೋದಾಗ ಬೇಕಾದ್ದಕ್ಕಿಂತ ಹೆಚ್ಚು ತಿರುಗುವುದು ಇನ್ನೊಂದು ಬಗೆ. ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈರಾಡ್ ಎಂಬ ಸರಳು ಮುರಿಯುವುದು, ಸ್ಟೀರಿಂಗ್ ಗೇರ್‌ಬಾಕ್ಸಿನ ಒಳಗಿನ ಜೋಡಣೆ ಬಿಟ್ಟುಕೊಳ್ಳುವುದು ಮೂರನೆಯದು. ಇಲ್ಲಿ ಲೋಹದ ಸಂಪರ್ಕವೇ ಹೋಗುವುದರಿಂದ ಎಷ್ಟು ಬಲ ಹಾಕಿದರೂ ಪ್ರಯೋಜನವಿಲ್ಲ. ಮೊದಲ ಬಗೆಯ ಕಾರನ್ನು ನಿಧಾನವಾಗಿ ಸರ್ವಿಸ್ ಕೇಂದ್ರಕ್ಕೆ ಒಯ್ಯಬಹುದು. ಮೂರನೆಯದರ ಅನುಮಾನವಿರುವ ಕಾರನ್ನು ಓಡಿಸಲೇ ಬಾರದು. ಹಿಂಪಡೆತದ ಪತ್ರ ಬಂದಾಗ ಮಾಲೀಕರು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಇದು ಯಾವ ಬಗೆಯದು?

ಭಾರತದ ಪ್ರಕರಣಗಳು

2010ರ ಫೆಬ್ರುವರಿಯಲ್ಲಿ ಮಾರುತಿ ಸುಜುಕಿ ಇಂಧನ ಟ್ಯಾಂಕಿನ ದೋಷಕ್ಕಾಗಿ ಸುಮಾರು 1 ಲಕ್ಷ ಎ-ಸ್ಟಾರ್ ಕಾರುಗಳನ್ನು ವಾಪಸ್ ಕರೆಸಿಕೊಂಡದ್ದು ದೇಶದ ಜನ ದೊಡ್ಡ ಪ್ರಮಾಣದ ಹಿಂಪಡೆತವನ್ನು ಕಂಡ ಆರಂಭದ ಸಂದರ್ಭಗಳಲ್ಲಿ ಒಂದು. ಆಗ ಕಂಪನಿಗಳು ಹಿಂಪಡೆತ ಎಂಬ ಪದವನ್ನೇ ಹೇಳಲು ಹಿಂಜರಿಯುತ್ತಿದ್ದವು. ಸರ್ವಿಸ್ ಅಭಿಯಾನ, ಗುಣಮಟ್ಟ ತಪಾಸಣೆ ಎಂಬ ಹೆಸರುಗಳು ಚಾಲ್ತಿಯಲ್ಲಿದ್ದವು. 2012ರ ಜುಲೈನಲ್ಲಿ ವಾಹನ ತಯಾರಕರ ಸಂಘವಾದ ಸಿಯಾಮ್ ಸ್ವಯಂಪ್ರೇರಿತ ಹಿಂಪಡೆತ ಸಂಹಿತೆಯನ್ನು ಜಾರಿಗೆ ತಂದಿತು. ಅದರ ಬೆನ್ನಿಗೇ ದೊಡ್ಡ ಸುದ್ದಿಯಾದದ್ದು ಪವರ್ ಸ್ಟೀರಿಂಗ್.

ಫೋರ್ಡ್ ಇಂಡಿಯಾ 2012ರಲ್ಲಿ 1,28,655 ಫಿಗೊ ಮತ್ತು ಕ್ಲಾಸಿಕ್ ಕಾರುಗಳನ್ನು ತಪಾಸಣೆಗೆ ಕರೆಯಿತು. ಕಾರಣವಾದ ಭಾಗಗಳು ಎರಡು: ಹಿಂಚಕ್ರಗಳನ್ನು ಹೊತ್ತ ಟ್ವಿಸ್ಟ್ ಬೀಮ್ ಎಂಬ ಅಡ್ಡಪಟ್ಟಿ ಮತ್ತು ಪವರ್ ಸ್ಟೀರಿಂಗ್ ಹೋಸ್. ವರ್ಷ ಕಳೆದು 2013ರ ಸೆಪ್ಟೆಂಬರ್‌ನಲ್ಲಿ ಇದೇ ಎರಡು ಭಾಗಗಳಿಗಾಗಿ ಇನ್ನೂ 1,66,021 ಕಾರುಗಳನ್ನು ಕರೆಸಿಕೊಂಡಿತು. ಅಲ್ಲಿಯವರೆಗೆ ಭಾರತ ಕಂಡಿದ್ದ ಹಿಂಪಡೆತಗಳಲ್ಲಿ ಇದು ಅತಿ ದೊಡ್ಡವುಗಳ ಸಾಲಿಗೆ ಸೇರುತ್ತದೆ. ಈ ಎರಡು ಭಾಗಗಳು ಚೆನ್ನೈ ಬಳಿಯ ಕಾರ್ಖಾನೆಯೊಂದರಿಂದ ಹೊರಟ ಸುಮಾರು 3 ಲಕ್ಷ ಕಾರುಗಳನ್ನು ತಪಾಸಣೆಗೆ ತಂದವು. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದ ಮೇಲೂ ಅದರ ಫಿಗೊಗಳು ನಮ್ಮ ಜಿಲ್ಲಾ ಕೇಂದ್ರಗಳ ರಸ್ತೆಗಳಲ್ಲಿ ಓಡುತ್ತಲೇ ಇವೆ.

2013ರಲ್ಲೇ ಮಾರುತಿ ಸುಜುಕಿ ಸ್ಟೀರಿಂಗ್ ಕಾಲಮ್ ಪರೀಕ್ಷೆಗೆ 1,492 ಕಾರುಗಳನ್ನು ಕರೆಯಿತು. ಅಕ್ಟೋಬರ್ 19ರಿಂದ 26ರ ನಡುವೆ ತಯಾರಾದ 306 ಎರ್ಟಿಗಾ, 592 ಸ್ವಿಫ್ಟ್, 581 ಡಿಸೈರ್, 13 ಎ-ಸ್ಟಾರ್. ಸಂಖ್ಯೆ ಚಿಕ್ಕದು, ಆದರೆ ತಯಾರಿಕೆಯ ದಾಖಲೆ ಸರಿಯಾಗಿದ್ದರೆ ದೋಷವನ್ನು ಒಂದು ವಾರದ ಕಾರುಗಳಿಗೆ ಕಟ್ಟಿಹಾಕಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ವಿದ್ಯುತ್ ಸ್ಟೀರಿಂಗ್‌ನ ನೇರ ಪ್ರಕರಣ ಬಂದದ್ದು 2018ರಲ್ಲಿ. ಹೋಂಡಾದ ಎರಡನೇ ತಲೆಮಾರಿನ ಅಮೇಜ್ ಮೇ ತಿಂಗಳಲ್ಲಿ ಮಾರುಕಟ್ಟೆಗೆ ಬಂತು. ಜುಲೈನಲ್ಲಿ ಕಂಪನಿ 7,290 ಅಮೇಜ್‌ಗಳನ್ನು ವಾಪಸ್ ಕರೆಸಿತು. ಏಪ್ರಿಲ್ 17ರಿಂದ ಮೇ 24ರವರೆಗೆ ತಯಾರಾದ ಈ ಕಾರುಗಳ ಇಪಿಎಸ್ ಸೆನ್ಸರ್ ಕಡೆಯ ದೋಷದಿಂದ ಸ್ಟೀರಿಂಗ್ ಭಾರವಾಗಿ ಎಚ್ಚರಿಕೆ ದೀಪ ಹತ್ತಬಹುದು ಎಂದಿತು. ಮಾರಾಟ ಶುರುವಾಗಿ ಎರಡು ತಿಂಗಳಲ್ಲೇ ದೋಷ ಒಪ್ಪಿಕೊಂಡದ್ದು ಮೆಚ್ಚಬೇಕಾದ ನಡೆ. ಹೊಸ ಕಾರು ಕೊಂಡವರೆಲ್ಲ ಆಗ ಮೊದಲ ಮಾಲೀಕರೇ ಆಗಿದ್ದರಿಂದ ಫೋನ್ ಮಾಡಿ ಕರೆಯುವುದೂ ಸುಲಭವಿತ್ತು.

ಮಾರುತಿ 2023ರ ಜುಲೈನಲ್ಲಿ 87,599 ಎಸ್-ಪ್ರೆಸ್ಸೊ ಮತ್ತು ಈಕೊ ವಾಹನಗಳನ್ನು ಕರೆದದ್ದು ಟೈರಾಡ್ ದೋಷಕ್ಕೆ. 2021ರ ಜುಲೈ 5ರಿಂದ 2023ರ ಫೆಬ್ರುವರಿ 15ರವರೆಗೆ, ಅಂದರೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ತಯಾರಾದ ಗಾಡಿಗಳಿವು. ಇದು ಪವರ್ ಸ್ಟೀರಿಂಗ್‌ನ ದೋಷವಲ್ಲ, ಮೂರನೆಯ ಬಗೆಯದು. ಆ ಭಾಗ ಅಪರೂಪಕ್ಕೆ ಮುರಿದು ಗಾಡಿಯ ಹಿಡಿತಕ್ಕೆ ತೊಂದರೆಯಾಗಬಹುದೆಂದು ಕಂಪನಿಯೇ ಹೇಳಿತ್ತು. ಈಕೊ ಶಾಲಾ ವಾಹನವಾಗಿ, ಆಂಬುಲೆನ್ಸಾಗಿ, ಸರಕಿನ ಗಾಡಿಯಾಗಿ ಹಳ್ಳಿಗಳಲ್ಲೂ ಓಡುವ ವಾಹನ ಎಂಬುದನ್ನು ಮರೆಯಬಾರದು. 2024ರ ಆಗಸ್ಟ್‌ನಲ್ಲಿ ಸ್ಟೀರಿಂಗ್ ಗೇರ್‌ಬಾಕ್ಸ್ ದೋಷಕ್ಕಾಗಿ 2,555 ಆಲ್ಟೊ ಕೆ10 ಕಾರುಗಳನ್ನು ಕರೆಸಿದಾಗ, ಭಾಗ ಬದಲಿಸುವವರೆಗೆ ಕಾರು ಓಡಿಸಬೇಡಿ ಎಂದು ಕಂಪನಿ ಮಾಲೀಕರಿಗೆ ಸ್ಪಷ್ಟವಾಗಿ ತಿಳಿಸಿತು. ಅಂಥ ನೇರ ಮಾತು ಎಲ್ಲ ಹಿಂಪಡೆತದ ಪತ್ರಗಳಲ್ಲೂ ಇರಬೇಕು.

ಬಿಡದಿಯ ಕಾರ್ಖಾನೆಗೆ ಸಂಬಂಧಿಸಿದ್ದು 2014ರ ಏಪ್ರಿಲ್‌ನ ಪ್ರಕರಣ. ಟೊಯೊಟಾ ಜಗತ್ತಿನಾದ್ಯಂತ 63.9 ಲಕ್ಷ ವಾಹನಗಳನ್ನು ಬೇರೆ ಬೇರೆ ಕಾರಣಕ್ಕೆ ಕರೆಸಿದಾಗ ಭಾರತದಲ್ಲಿ ಇನೋವಾ ಸೇರಿದಂತೆ ಸುಮಾರು 45,000 ವಾಹನಗಳು ಅದರಲ್ಲಿ ಬಂದವು. ದೋಷವಿದ್ದದ್ದು ಸ್ಟೀರಿಂಗ್ ಚಕ್ರದೊಳಗೆ ಸುರುಳಿಯಾಗಿ ಕೂತು ಏರ್‌ಬ್ಯಾಗಿಗೆ ವಿದ್ಯುತ್ ಒಯ್ಯುವ ಕೇಬಲ್ಲಿನಲ್ಲಿ. ತಿರುಗಿಸುವ ಶಕ್ತಿಗೆ ಇದರಿಂದ ಧಕ್ಕೆಯಿಲ್ಲ. ಆದರೂ ಬೆಂಗಳೂರು–ಮೈಸೂರು ದಾರಿಯಲ್ಲಿ ಪ್ರವಾಸಿ ಟ್ಯಾಕ್ಸಿಯಾಗಿ ಇನೋವಾ ಎಷ್ಟು ಓಡುತ್ತದೆ ಎಂಬುದನ್ನು ಬಲ್ಲವರಿಗೆ ಇದರ ಮಹತ್ವ ತಿಳಿಯುತ್ತದೆ.

ಹೊರದೇಶಗಳ ಅನುಭವ

ರಾಲ್ಫ್ ನೇಡರ್ 1965ರಲ್ಲಿ ಪ್ರಕಟಿಸಿದ ಕಾರು ಸುರಕ್ಷತೆಯ ಪುಸ್ತಕ ಎಬ್ಬಿಸಿದ ಚರ್ಚೆಯ ಮರುವರ್ಷ, 1966ರಲ್ಲಿ, ಅಮೆರಿಕ ರಾಷ್ಟ್ರೀಯ ವಾಹನ ಸುರಕ್ಷತಾ ಕಾಯ್ದೆ ತಂದಿತು. ಅಲ್ಲಿನ ಹಿಂಪಡೆತ ವ್ಯವಸ್ಥೆಯ ಬುಡ ಅದು.

ಜನರಲ್ ಮೋಟರ್ಸ್ 2010ರ ಮಾರ್ಚ್‌ನಲ್ಲಿ ಇಪಿಎಸ್ ಮೋಟಾರ್ ದೋಷಕ್ಕಾಗಿ ಕೋಬಾಲ್ಟ್ ಮತ್ತು ಪಾಂಟಿಯಾಕ್ ಮಾದರಿಗಳ 13 ಲಕ್ಷ ಕಾರುಗಳನ್ನು ಕರೆಸಿತು. ಅದಕ್ಕೂ ಮೊದಲು ಅಲ್ಲಿನ ಸರ್ಕಾರಿ ವಾಹನ ಸುರಕ್ಷತಾ ಸಂಸ್ಥೆಗೆ 1,100ಕ್ಕೂ ಹೆಚ್ಚು ದೂರು, 14 ಅಪಘಾತಗಳ ವರದಿ ಬಂದಿದ್ದವು. ಅದೇ ಕಂಪನಿಯ, ಸ್ಟೀರಿಂಗ್ ದೋಷವಿದ್ದ ಸ್ಯಾಟರ್ನ್ ಅಯಾನ್ ಮುಂತಾದ ಕಾರುಗಳು ಮಾತ್ರ ಹೊರಗುಳಿದವು. ಅವುಗಳ ಸರದಿ ಬಂದದ್ದು 2014ರಲ್ಲಿ, ಮತ್ತೆ 13 ಲಕ್ಷ ವಾಹನಗಳ ಹಿಂಪಡೆತದೊಂದಿಗೆ. ನಾಲ್ಕು ವರ್ಷ ಆ ಮಾಲೀಕರು ಗೊತ್ತಿಲ್ಲದೆ ಓಡಿಸಿದರು.

ಟೆಸ್ಲಾ 2018ರಲ್ಲಿ ಸುಮಾರು 1.23 ಲಕ್ಷ ಮಾಡೆಲ್ ಎಸ್ ಕಾರುಗಳ ಸ್ಟೀರಿಂಗ್ ಬೋಲ್ಟ್ ಬದಲಿಸಿತು. ಹಿಮದ ದೇಶಗಳಲ್ಲಿ ರಸ್ತೆಗೆ ಎರಚುವ ಉಪ್ಪು ಅವುಗಳನ್ನು ತಿನ್ನುತ್ತಿತ್ತು. 2025ರಲ್ಲಿ ಅದೇ ಕಂಪನಿ 3,76,241 ಕಾರುಗಳ ಸರ್ಕ್ಯೂಟ್ ಹಲಗೆಯ ದೋಷಕ್ಕೆ ಸಾಫ್ಟ್‌ವೇರ್ ಕಳಿಸಿತು. ಆ ಕಾರುಗಳು ಪೂರ್ತಿ ನಿಂತು ಮತ್ತೆ ಹೊರಡುವಾಗ ಸ್ಟೀರಿಂಗ್ ಸಹಾಯ ಸಿಗದೇ ಹೋಗುವ ಸಂಭವವಿತ್ತು. 2024ರ ಅಕ್ಟೋಬರ್‌ನಲ್ಲಿ ಹೋಂಡಾ ಅಮೆರಿಕದಲ್ಲಿ ಸುಮಾರು 17 ಲಕ್ಷ ಕಾರುಗಳನ್ನು ಕರೆಸಿದ್ದು ಎರಡನೆಯ ಬಗೆಯ, ಅಂಟಿಕೊಳ್ಳುವ ದೋಷಕ್ಕೆ. ಸ್ಟೀರಿಂಗ್ ಗೇರಿನ ಹಲ್ಲುಚಕ್ರ ಉಬ್ಬಿ, ಗ್ರೀಸು ಸಾಲದೆ ಘರ್ಷಣೆ ಹೆಚ್ಚುತ್ತಿತ್ತು.

ಇವೆಲ್ಲಕ್ಕಿಂತ ನಮ್ಮ ಓದುಗರು ತಿಳಿಯಬೇಕಾದ ಪ್ರಕರಣ 2004ರದು. ಪಿಟಿ ಕ್ರೂಸರ್ ಎಂಬ ಕಾರಿನ ಪವರ್ ಸ್ಟೀರಿಂಗ್ ಹೋಸಿನಿಂದ ಎಣ್ಣೆ ಸೋರಿ ಬೆಂಕಿ ಹತ್ತಬಹುದು ಎಂದು ಆ ವರ್ಷದ ಸೆಪ್ಟೆಂಬರ್‌ನಲ್ಲಿ ಹಿಂಪಡೆತ ಘೋಷಣೆಯಾಗಿತ್ತು. ಕ್ಯಾಲಿಫೋರ್ನಿಯಾದ ಬಾಡಿಗೆ ಕಾರಿನ ಕಂಪನಿಯೊಂದರ ಬಳಿ ಅಂಥ ಕಾರೊಂದಿತ್ತು. ಹೋಸು ಬದಲಿಸದೆಯೇ ಅದನ್ನು ಬಾಡಿಗೆಗೆ ಕೊಡುತ್ತ ಬಂದರು. ಅಕ್ಟೋಬರ್‌ನಲ್ಲಿ 24 ಮತ್ತು 20 ವರ್ಷದ ಇಬ್ಬರು ಸೋದರಿಯರು ಅದರಲ್ಲಿ ಊರಿಗೆ ಹೊರಟರು. ಹೆದ್ದಾರಿಯಲ್ಲಿ ಎಂಜಿನ್ ಕೋಣೆಗೆ ಬೆಂಕಿ ಹತ್ತಿತು, ಸ್ಟೀರಿಂಗ್ ಹಿಡಿತ ತಪ್ಪಿತು, ಕಾರು ಎದುರಿನ ಲಾರಿಗೆ ಬಡಿಯಿತು. ಇಬ್ಬರೂ ಉಳಿಯಲಿಲ್ಲ. ದೋಷ ಏನೆಂದು ಗೊತ್ತಿತ್ತು, ಪರಿಹಾರ ಉಚಿತವಿತ್ತು, ತಿಳಿಸುವ ಪತ್ರವೂ ಹೊರಟಿತ್ತು. ಸ್ಟೀರಿಂಗ್ ಹಿಡಿದವರಿಗೆ ಮಾತ್ರ ಯಾರೂ ಹೇಳಲಿಲ್ಲ. ಆ ಸೋದರಿಯರ ತಾಯಿ ವರ್ಷಗಟ್ಟಲೆ ಹೋರಾಡಿದರು. 2015ರ ಡಿಸೆಂಬರ್‌ನಲ್ಲಿ ಸೋದರಿಯರ ಹೆಸರಿನಲ್ಲೇ ಕಾನೂನು ಬಂತು. ಅದರ ಪ್ರಕಾರ ಹಿಂಪಡೆತದ ದುರಸ್ತಿ ಬಾಕಿಯಿರುವ ಕಾರನ್ನು ದೊಡ್ಡ ಬಾಡಿಗೆ ಕಂಪನಿಗಳು ಗ್ರಾಹಕರಿಗೆ ಕೊಡುವಂತಿಲ್ಲ.

ಭಾರತದ ಕಾನೂನು

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ 110ಎ ಎಂಬ ಹೊಸ ಕಲಂ ಸೇರಿಸಿತು. ವಾಹನದ ದೋಷದಿಂದ ಪರಿಸರಕ್ಕೆ, ಚಾಲಕ ಮತ್ತು ಪ್ರಯಾಣಿಕರಿಗೆ ಅಥವಾ ಇತರ ರಸ್ತೆ ಬಳಕೆದಾರರಿಗೆ ಹಾನಿಯಾಗಬಹುದಾದರೆ, ಹಿಂಪಡೆಯುವಂತೆ ತಯಾರಕರಿಗೆ ಆದೇಶಿಸುವ ಅಧಿಕಾರ ಇದರಿಂದ ಕೇಂದ್ರ ಸರ್ಕಾರಕ್ಕೆ ಬಂತು. ನಿಡಘಟ್ಟದ ಸರ್ವಿಸ್ ರಸ್ತೆಯಲ್ಲಿ ನಡೆಯುವವರೂ ‘ಇತರ ರಸ್ತೆ ಬಳಕೆದಾರರು’ ಎಂಬ ಮಾತಿನೊಳಗೆ ಬರುತ್ತಾರೆ. ಆದೇಶವಾದರೆ ಕಂಪನಿ ದೋಷವನ್ನು ಸರಿಪಡಿಸಬೇಕು, ಇಲ್ಲವೇ ಅಂಥದೇ ಬೇರೆ ವಾಹನ ಕೊಡಬೇಕು, ಇಲ್ಲವೇ ಹಣ ಮರಳಿಸಬೇಕು.

ಇದಕ್ಕೆ ಸಂಬಂಧಿಸಿದ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಮಾಲೀಕರು ವಾಹನ್ ಪೋರ್ಟಲ್ ಮೂಲಕ ದೂರು ದಾಖಲಿಸಬಹುದು. ವಾಹನದ ಬಗೆ ಮತ್ತು ವರ್ಷದ ಮಾರಾಟಕ್ಕೆ ಅನುಗುಣವಾಗಿ ನಿಗದಿಯಾದ ಸಂಖ್ಯೆಯನ್ನು ದೂರುಗಳು ಮುಟ್ಟಿದರೆ ತನಿಖೆ ನಡೆಯುತ್ತದೆ. ಸ್ವಂತವಾಗಿ ಹಿಂಪಡೆಯದೆ ಸರ್ಕಾರದ ಆದೇಶಕ್ಕೆ ಕಾಯುವ ಕಂಪನಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡವಿದೆ.

ಈ ನಿಯಮಗಳ ದೊಡ್ಡ ಕೊರತೆ ವಯಸ್ಸಿನ ಮಿತಿ. ತಯಾರಾಗಿ ಅಥವಾ ಆಮದಾಗಿ 7 ವರ್ಷ ಮೀರದ ವಾಹನಗಳಿಗೆ ಮಾತ್ರ ಅವು ಅನ್ವಯ. ಸ್ವಂತ ಕಾರಿನ ನೋಂದಣಿ ಸಿಂಧುವಾಗಿರುವುದು 15 ವರ್ಷ. ಹೊಸ ಕಾರು ನಗರದಲ್ಲಿ ಐದಾರು ವರ್ಷ ಓಡಿ, ಅಲ್ಲಿಂದ ತಾಲ್ಲೂಕು ಕೇಂದ್ರಕ್ಕೋ ಹಳ್ಳಿಗೋ ಬರುವ ಹೊತ್ತಿಗೆ ಕಾನೂನಿನ ನೆರಳು ಸರಿದಿರುತ್ತದೆ. ಅಮೆರಿಕದಲ್ಲಿ ಉಚಿತ ದುರಸ್ತಿಯ ಅವಧಿಯನ್ನು 2015ರಲ್ಲಿ 10ರಿಂದ 15 ವರ್ಷಕ್ಕೆ ಏರಿಸಲಾಯಿತು. ಇಲ್ಲಿಯೂ ನೋಂದಣಿಯ ಅವಧಿಗೆ ಸಮವಾಗಿ 15 ವರ್ಷ ಮಾಡುವುದೇ ನ್ಯಾಯ.

ಕಾನೂನಿನ ಇನ್ನೊಂದು ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ದೋಷಯುಕ್ತ ಉತ್ಪನ್ನದಿಂದ ಹಾನಿಯಾದರೆ ತಯಾರಕರನ್ನು ಹೊಣೆ ಮಾಡುವ ಪ್ರತ್ಯೇಕ ಅಧ್ಯಾಯ ಅದರಲ್ಲಿದೆ. ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಇಂಥ ದೂರು ಸಲ್ಲಿಸಬಹುದು.

ಸುದ್ದಿ ಮುಟ್ಟಬೇಕಾದವರು

ಹಿಂಪಡೆತದ ಯಶಸ್ಸು ನಿಂತಿರುವುದು ಕಂಪನಿಯ ಘೋಷಣೆಯ ಮೇಲಲ್ಲ, ಈ ಹೊತ್ತು ಗಾಡಿ ಓಡಿಸುತ್ತಿರುವವರಿಗೆ ಸುದ್ದಿ ಮುಟ್ಟುವುದರ ಮೇಲೆ. ಕಂಪನಿಯ ಬಳಿ ಇರುವುದು ಹೆಚ್ಚಾಗಿ ಮೊದಲ ಮಾಲೀಕರ ವಿಳಾಸ ಮತ್ತು ಫೋನ್. ಬೆಂಗಳೂರಿನ ಕೆಎ-05ರ ಕಾರು ಮಂಡ್ಯದ ಕಡೆಯವರ ಕೈಗೆ ಬಂದು, ಮದ್ದೂರಿನ ಸ್ಥಳೀಯ ಗ್ಯಾರೇಜಿನಲ್ಲಿ ಸರ್ವಿಸ್ ಆಗತೊಡಗಿದ ಮೇಲೆ ಕಂಪನಿಯ ಸಂದೇಶ ಹಳೆಯ ಮಾಲೀಕರ ಫೋನಿನಲ್ಲೇ ಉಳಿಯುತ್ತದೆ. ಆರ್‌ಸಿ ವರ್ಗಾವಣೆ ಮಾಡಿಸದೆ ಹಳೆಯ ಹೆಸರಿನಲ್ಲೇ ಓಡಿಸುವವರಿಗಂತೂ ಸರ್ಕಾರದ ಪತ್ರವೂ ತಲುಪುವುದಿಲ್ಲ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಆರ್‌ಟಿಒ ಕಚೇರಿಯಲ್ಲಿ ಮಾಲೀಕತ್ವ ಬದಲಾಯಿಸುವಾಗ, ಹಳದಿ ಬೋರ್ಡಿನ ವಾಹನ ಸುಸ್ಥಿತಿ ಪ್ರಮಾಣಪತ್ರಕ್ಕೆ, ಅಂದರೆ ಎಫ್‌ಸಿಗೆ ಬಂದಾಗ, ಚಾಸಿ ಸಂಖ್ಯೆ ಹಾಕಿ ಬಾಕಿ ಹಿಂಪಡೆತ ಇದೆಯೇ ಎಂದು ನೋಡುವುದನ್ನು ಕಡ್ಡಾಯ ಮಾಡಬೇಕು. ದುರಸ್ತಿ ಆಗುವ ತನಕ ಟ್ಯಾಕ್ಸಿಗೂ ಶಾಲಾ ವಾಹನಕ್ಕೂ ಎಫ್‌ಸಿ ಕೊಡಬಾರದು. ಸ್ಥಳೀಯ ಗ್ಯಾರೇಜುಗಳನ್ನು ಈ ಸುದ್ದಿಯ ಜಾಲದೊಳಗೆ ತರಬೇಕು. ಹೋಸು ಒದ್ದೆಯಾಗಿದೆ, ಪಂಪು ಸದ್ದು ಮಾಡುತ್ತಿದೆ ಎಂದು ಎಲ್ಲರಿಗಿಂತ ಮೊದಲು ಕಾಣುವುದು ಅಲ್ಲಿನ ಮೆಕ್ಯಾನಿಕ್‌ಗೆ.

ಮಾಲೀಕರು ಗಮನಿಸಬೇಕಾದ ಲಕ್ಷಣಗಳು ಕೆಲವೇ. ಸ್ಟೀರಿಂಗ್ ಬೆಳಗಿನ ಹೊತ್ತು ಒಂದು ಥರ, ಸಂಜೆ ಇನ್ನೊಂದು ಥರ ಇರುವುದು. ಒಂದು ಬದಿಗೆ ಮಾತ್ರ ಭಾರವಾಗುವುದು. ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಹಿಂದಿರುಗದೆ ಅಂಟಿಕೊಳ್ಳುವುದು. ಎಚ್ಚರಿಕೆಯ ದೀಪ ಹತ್ತಿ ಆರುವುದು. ನಿಲ್ಲಿಸಿದ ಜಾಗದಲ್ಲಿ ಎಣ್ಣೆಯ ಕಲೆ. ಎಂಜಿನ್ ನಿಲ್ಲಿಸಿ ಮತ್ತೆ ಶುರು ಮಾಡಿದಾಗ ದೀಪ ಆರಿತೆಂದು ಸುಮ್ಮನಾಗಬಾರದು, ದೋಷದ ಸಂಕೇತ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಓಡುತ್ತಿರುವಾಗ ಸಹಾಯ ನಿಂತರೆ ಎರಡೂ ಕೈಯಿಂದ ಬಿಗಿಯಾಗಿ ಹಿಡಿದು, ಬ್ರೇಕ್ ನಿಧಾನವಾಗಿ ಒತ್ತಿ, ಎಡಬದಿಗೆ ಬಂದು ನಿಲ್ಲಬೇಕು. ಓಡುವಾಗಲೇ ಕೀಲಿ ತಿರುಗಿಸಿ ಎಂಜಿನ್ ಆರಿಸಬಾರದು, ಬ್ರೇಕಿಗೆ ಸಿಗುವ ಸಹಾಯವೂ ಅದರಿಂದ ಕಡಿಮೆಯಾಗುತ್ತದೆ.

ಆರ್‌ಸಿಯಲ್ಲಿ 17 ಅಕ್ಷರ ಮತ್ತು ಅಂಕಿಗಳ ಚಾಸಿ ಸಂಖ್ಯೆ ಇರುತ್ತದೆ. ದೊಡ್ಡ ಕಂಪನಿಗಳ ಜಾಲತಾಣದಲ್ಲಿ ಅದನ್ನು ಹಾಕಿದರೆ, ಅಥವಾ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಫೋನ್ ಮಾಡಿ ಹೇಳಿದರೆ, ಆ ಕಾರಿಗೆ ಯಾವ ಹಿಂಪಡೆತ ಬಾಕಿಯಿದೆ ಎಂದು ತಿಳಿಯುತ್ತದೆ. ಹಿಂಪಡೆತ ಕಾರಿಗೆ ಸಂಬಂಧಿಸಿದ್ದು. ಎರಡನೇ ಮಾಲೀಕರೂ ಮೂರನೇ ಮಾಲೀಕರೂ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಹಳೆಯ ಕಾರು ಕೊಳ್ಳುವವರು ಮುಂಗಡ ಕೊಡುವ ಮೊದಲು ಆ ಸಂಖ್ಯೆ ಕೇಳಿ ಪಡೆದು ನೋಡಿ. ಮಾರುವವರು ಬಂದ ಹಿಂಪಡೆತದ ಪತ್ರವನ್ನು ಆರ್‌ಸಿಯ ಜೊತೆಗೇ ಕೊಳ್ಳುವವರ ಕೈಗೆ ಕೊಡಿ.